ಗಾಳಿ ನಿಂತಲ್ಲಿ ಕೂರುವ ದೂಳು

ಇಂಗ್ಲೆಂಡಿನ ಡರ್ಹಮ್ ಸೀಮೆಯ ಹ್ಯಾಸ್‌ವೆಲ್ ಕಲ್ಲಿದ್ದಲು ಗಣಿಯಲ್ಲಿ 1844ರ ಸೆಪ್ಟೆಂಬರ್ 28ರಂದು ಸ್ಫೋಟವಾಗಿ 95 ಜನ ಸತ್ತರು. ಸತ್ತವರಲ್ಲಿ ಹುಡುಗರೂ ಇದ್ದರು. ತನಿಖೆಗೆ ಸರ್ಕಾರ ಕಳಿಸಿದ್ದು ಇಬ್ಬರು ಘಟಾನುಘಟಿಗಳನ್ನು: ಭೂವಿಜ್ಞಾನಿ ಚಾರ್ಲ್ಸ್ ಲಯಲ್ ಮತ್ತು ಮೈಕೆಲ್ ಫ್ಯಾರಡೆ. ಇಲ್ಲಿ ಗಾಳಿಯ ವೇಗವನ್ನು ಹೇಗೆ ಅಳೆಯುತ್ತೀರಿ ಎಂದು ಫ್ಯಾರಡೆ ಕೇಳಿದರು. ತಪಾಸಣೆಗಾರನೊಬ್ಬ ಒಂದು ಚಿಟಿಕೆ ಕೋವಿಮದ್ದು ತೆಗೆದು ಮೇಣದಬತ್ತಿಯ ಉರಿಯ ಮೇಲೆ ಉದುರಿಸಿದ. ಭುಸ್ಸೆಂದು ಎದ್ದ ಹೊಗೆ ಗೊತ್ತುಮಾಡಿದ ದೂರ ಸಾಗಲು ಎಷ್ಟು ಹೊತ್ತು ಬೇಕಾಯಿತೆಂದು ಇನ್ನೊಬ್ಬ ಗಡಿಯಾರ ನೋಡಿ ಹೇಳಿದ. ಲೆಕ್ಕ ಸರಿಯೇ. ಆದರೆ ಉರಿಯುವ ಬತ್ತಿಯ ಮಗ್ಗುಲಲ್ಲೇ ಇಷ್ಟು ಸಲೀಸಾಗಿ ಬಳಸುವ ಮದ್ದನ್ನು ಇಟ್ಟಿರುವುದೆಲ್ಲಿ? ಬಾಯಿ ಬಿಗಿದ ಚೀಲದಲ್ಲಿ. ಚೀಲ ಎಲ್ಲಿ? ಫ್ಯಾರಡೆ ಆರಾಮಾಗಿ ಕೂತಿದ್ದುದೇ ಅದರ ಮೇಲೆ.

ಲಯಲ್ ಮುಂದೆ ನೆನಪಿಸಿಕೊಂಡು ಹೇಳಿದ ಪ್ರಸಂಗವಿದು. ನಗು ಬರುತ್ತದೆ, ನಿಜ. ಆದರೆ ಆ ಗಣಿಯಲ್ಲಿ ಎಲ್ಲರೂ ದಿನಬೆಳಗಾದರೆ ತುಳಿದು ಓಡಾಡುತ್ತಿದ್ದ ಮದ್ದು ಇನ್ನೊಂದಿತ್ತು. ಸ್ಫೋಟದ ಜಾಡು ಹಿಡಿದು ಹೋದವರಿಗೆ ಆಸರೆಗಂಬಗಳ ಒಂದು ಮಗ್ಗುಲಿಗೆ ಮಾತ್ರ, ಬೆಂಕಿ ಬಂದ ದಿಕ್ಕಿಗೆ ಮುಖ ಮಾಡಿದ ಮಗ್ಗುಲಿಗೆ, ಕರಕಲು ಹಕ್ಕಳೆ ಮೆತ್ತಿಕೊಂಡಿದ್ದು ಕಂಡಿತು. ಕೆಲವೆಡೆ ಅರ್ಧ ಅಂಗುಲದಷ್ಟು ದಪ್ಪ, ಮುಟ್ಟಿದರೆ ಪುಡಿಪುಡಿ. ಅದು ಅರೆಬೆಂದು ಕೋಕ್ ಆಗಿದ್ದ ಕಲ್ಲಿದ್ದಲ ದೂಳು. ಮೊದಲು ಹೊತ್ತಿದ್ದು ಗಣಿಯ ಅನಿಲವಾದರೂ ಬೆಂಕಿಯನ್ನು ಬೆಳೆಸಿದ್ದು ನೆಲ, ಸೂರು, ಗೋಡೆಗಳಿಂದ ಎದ್ದ ದೂಳು ಎಂದು ಇಬ್ಬರೂ ವರದಿ ಕೊಟ್ಟರು. ವರದಿ ಕಡತ ಸೇರಿತು. ಬರೀ ದೂಳೂ ಸಿಡಿಯುತ್ತದೆಂದು ಗಣಿ ಲೋಕ ಒಪ್ಪಿಕೊಳ್ಳುವ ಹೊತ್ತಿಗೆ ಇನ್ನೂ ಅರವತ್ತು ವರ್ಷ ಕಳೆದಿತ್ತು, ಹೆಣಗಳ ಲೆಕ್ಕ ಸಾವಿರ ದಾಟಿತ್ತು.

ಗಾಳಿಯ ವೇಗದಿಂದಲೇ ಮಾತು ಶುರುಮಾಡಿದ್ದು ಮಾತ್ರ ಫ್ಯಾರಡೆಯ ಜಾಣತನ. ನೆಲದಡಿಯಲ್ಲಿ ದೂಳಿನ ಕಥೆಯೆಂದರೆ ಗಾಳಿಯ ಕಥೆಯೇ. ದೂಳು ಎಷ್ಟು ದೂರ ಹೋಗುತ್ತದೆ, ಎಲ್ಲಿ ಕೂರುತ್ತದೆ, ಯಾರ ಎದೆ ಸೇರುತ್ತದೆ ಎಂಬುದೆಲ್ಲ ಎರಡೇ ಸಂಗತಿಗಳ ಮೇಲೆ ನಿಂತಿದೆ: ಕಣದ ಗಾತ್ರ, ಗಾಳಿಯ ಓಟ.

ಮೈಕ್ರಾನಿನ ಲೆಕ್ಕ

ತೆಲಂಗಾಣದ ರಾಮಗುಂಡಂ ಬಳಿ ಸಿಂಗರೇಣಿ ಕಂಪನಿಯ ಅಡ್ರಿಯಾಲ ಗಣಿಯಿದೆ. ಲಾಂಗ್‌ವಾಲ್ ಪದ್ಧತಿಯ ಗಣಿ. ಅಂಥ ಕಡೆ ಉದ್ದನೆಯ ಕಲ್ಲಿದ್ದಲ ಗೋಡೆಯ ಗುಂಟ ಶಿಯರರ್ ಎಂಬ ಯಂತ್ರ ಹೋಗಿ ಬರುತ್ತಿರುತ್ತದೆ. ಅದರ ತಿರುಗುವ ಉರುಳೆಗಳ ಮೈತುಂಬ ಉಕ್ಕಿನ ಹಲ್ಲುಗಳು. ಹಲ್ಲು ಕಲ್ಲಿದ್ದಲಿಗೆ ಕಚ್ಚುವ ತುದಿಯಲ್ಲಿ, ಒತ್ತಡ ಅತಿ ಹೆಚ್ಚಿರುವ ಆ ಚೂರು ಜಾಗದಲ್ಲಿ, ಕಲ್ಲಿದ್ದಲು ಒಡೆಯುವ ಬದಲು ಅರೆದು ಹಿಟ್ಟಾಗುತ್ತದೆ. ಹಲ್ಲು ಮೊಂಡಾದಷ್ಟೂ ಹಿಟ್ಟು ಜಾಸ್ತಿ. ಹಾಗೆ ಹುಟ್ಟಿದ ದೂಳಿನ ಬಹುಪಾಲು ಕಲ್ಲಿದ್ದಲ ಹೆಂಟೆಗಳಿಗೇ ಅಂಟಿಕೊಂಡು ಬೆಲ್ಟ್ ಹತ್ತಿ ಹೋಗುತ್ತದೆ. ಗಾಳಿಗೇರುವುದು ಅದರಲ್ಲೊಂದು ಸಣ್ಣ ಪಾಲು. ತಕರಾರೆಲ್ಲ ಆ ಸಣ್ಣ ಪಾಲಿನದು.

ಗಾಳಿಗೇರಿದ ಕಣ ಎಷ್ಟು ಹೊತ್ತಿಗೆ ಕೆಳಗಿಳಿಯುತ್ತದೆ? ಕೇಂಬ್ರಿಜ್‌ನ ಜಾರ್ಜ್ ಸ್ಟೋಕ್ಸ್ 1851ರಲ್ಲಿ ಪ್ರಕಟಿಸಿದ ಸೂತ್ರ ಇದಕ್ಕೆ ಇವತ್ತಿಗೂ ಸಾಕು. ಸಣ್ಣ ಗೋಳವೊಂದು ಗಾಳಿಯಲ್ಲಿ ಬೀಳುವ ವೇಗ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಗಾತ್ರ ಹತ್ತರಲ್ಲೊಂದು ಪಾಲಾದರೆ ವೇಗ ನೂರರಲ್ಲೊಂದು ಪಾಲು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ಎರಡು ಮೀಟರ್ ಎತ್ತರದಿಂದ ಕಲ್ಲಿದ್ದಲ ಕಣಗಳನ್ನು ನಿಶ್ಚಲವಾದ ಗಾಳಿಯಲ್ಲಿ ಕೈಬಿಡೋಣ. 100 ಮೈಕ್ರಾನಿನದು ಏಳೆಂಟು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. 10 ಮೈಕ್ರಾನಿನದಕ್ಕೆ ಎಂಟು ನಿಮಿಷ. 5 ಮೈಕ್ರಾನಿಗೆ ಅರ್ಧ ಗಂಟೆಗೂ ಹೆಚ್ಚು. 1 ಮೈಕ್ರಾನಿನ ಕಣ ಕೆಳಗೆ ಬರುವಷ್ಟರಲ್ಲಿ ಹನ್ನೆರಡು ಗಂಟೆಯಾಗಿ, ಗಣಿಯಲ್ಲಿ ಒಂದು ಪಾಳಿ ಮುಗಿದು ಇನ್ನೊಂದು ಅರ್ಧವಾಗಿರುತ್ತದೆ.

ಆದರೆ ಗಣಿಯ ಗಾಳಿ ನಿಶ್ಚಲವಲ್ಲ. ಮೇಲೆ ದೊಡ್ಡ ಫ್ಯಾನು ಎಳೆಯುತ್ತಲೇ ಇರುತ್ತದೆ. ಇನ್‌ಟೇಕ್ ದಾರಿಯಿಂದ ಬಂದ ಗಾಳಿ ಕಲ್ಲಿದ್ದಲು ಕಡಿಯುವ ಜಾಗವಾದ ಫೇಸ್ ಹಾದು ರಿಟರ್ನ್ ದಾರಿಯಿಂದ ಹೊರಗೆ ಹೋಗುತ್ತದೆ. ಸೆಕೆಂಡಿಗೆ ಎರಡು ಮೀಟರ್ ವೇಗವಿದ್ದರೆ, ಮೇಲಿನ ಲೆಕ್ಕದ 100 ಮೈಕ್ರಾನಿನ ಕಣ ಯಂತ್ರದಿಂದ ಹದಿನೈದಿಪ್ಪತ್ತು ಮೀಟರಿನೊಳಗೇ ಬಿದ್ದುಬಿಡುತ್ತದೆ. 10 ಮೈಕ್ರಾನಿನದು ಒಂದು ಕಿಲೋಮೀಟರ್ ಹೋಗುತ್ತದೆ, 5 ಮೈಕ್ರಾನಿನದು ನಾಲ್ಕು ಕಿಲೋಮೀಟರ್. ಅದಕ್ಕಿಂತ ಸಣ್ಣವು ಎಷ್ಟೋ ಗಣಿಗಳಲ್ಲಿ ಎಲ್ಲೂ ಕೂರದೆ ಫ್ಯಾನಿನ ಬಾಯಿಂದ ಆಕಾಶಕ್ಕೆ ಹೋಗುತ್ತವೆ. ಇದೂ ಕಾಗದದ ಮೇಲಿನ ಲೆಕ್ಕವೇ. ಸುರಂಗದ ಗಾಳಿ ನೆಟ್ಟಗೆ ಹರಿಯದೆ ಸುಳಿ ಸುತ್ತುತ್ತ ಸಾಗುವುದರಿಂದ ಇಳಿಯುತ್ತಿದ್ದ ಕಣ ಮತ್ತೆ ಸೂರಿನ ಹತ್ತಿರ ಹೋಗುತ್ತದೆ, ಇನ್ಯಾವುದೋ ಕಣ ನೆಲಕ್ಕೆ ತಾಗುತ್ತದೆ. ಹಾಗಾಗಿ ದೂಳು ಒಂದು ಜಾಗದಲ್ಲಿ ರಾಶಿಯಾಗಿ ಬೀಳುವುದಿಲ್ಲ. ದಾರಿಯುದ್ದಕ್ಕೂ, ದೂರ ಹೋದಂತೆ ತೆಳ್ಳಗಾಗುತ್ತ, ನುಣ್ಣಗಾಗುತ್ತ ಹರಡಿಕೊಳ್ಳುತ್ತದೆ. ಫೇಸ್ ಹತ್ತಿರದ ನೆಲದ ಪುಡಿ ಕಾಲಿಗೆ ಕರಕರ ಎನ್ನುತ್ತದೆ. ರಿಟರ್ನ್ ದಾರಿಯಲ್ಲಿ ಅರ್ಧ ಕಿಲೋಮೀಟರ್ ಆಚೆ ಕಂಬಿಗಳ ಮೇಲೆ, ಪೈಪುಗಳ ಬೆನ್ನಿನ ಮೇಲೆ, ಕೇಬಲ್ಲುಗಳ ಮಡಿಕೆಯಲ್ಲಿ ಕೂತದ್ದು ಕಾಡಿಗೆಯಷ್ಟು ನಯ.

ಫ್ಯಾನಿನ ವೇಗ ಹೆಚ್ಚಿಸಿದರೆ ದೂಳು ಬೇಗ ಹೊರಹೋಗುವುದಿಲ್ಲವೇ? ಒಂದು ಮಟ್ಟದವರೆಗೆ ಹೌದು. ಗಾಳಿ ತೀರಾ ನಿಧಾನವಾದರೆ ದೂಳು ಕೆಲಸಗಾರರ ಮುಖದ ಮುಂದೆಯೇ ನಿಲ್ಲುತ್ತದೆ. ವೇಗ ಏರಿದಂತೆ ಅದು ಚದುರಿ ತೆಳುವಾಗುತ್ತದೆ. ಸೆಕೆಂಡಿಗೆ ಮೂರು ನಾಲ್ಕು ಮೀಟರ್ ದಾಟಿತೋ, ಅಷ್ಟರಲ್ಲಿ ಕೂತಿದ್ದ ಒರಟು ದೂಳನ್ನೂ ಬೆಲ್ಟಿನ ಮೇಲಿನ ಹೊಸ ಪುಡಿಯನ್ನೂ ಗಾಳಿಯೇ ಎಬ್ಬಿಸತೊಡಗುತ್ತದೆ. ಇಲ್ಲೊಂದು ಸಣ್ಣ ಉಪಾಯವಿದೆ. ಕಲ್ಲಿದ್ದಲು ಸಾಗುವ ದಿಕ್ಕಿಗೇ ಗಾಳಿಯನ್ನೂ ಹರಿಸಿದರೆ ಎರಡರ ನಡುವಿನ ವೇಗದ ಅಂತರ ಕಡಿಮೆಯಾಗಿ ದೂಳೇಳುವುದೂ ಕಡಿಮೆಯಾಗುತ್ತದೆ. ಬೆಲ್ಟ್ ಒಂದು ದಿಕ್ಕಿಗೆ, ಗಾಳಿ ಎದುರು ದಿಕ್ಕಿಗೆ ಇರುವ ಗಣಿಯಲ್ಲಿ ಬೆಲ್ಟಿನ ಉದ್ದಕ್ಕೂ ದೂಳು ಹುಟ್ಟುತ್ತಲೇ ಇರುತ್ತದೆ.

ಇನ್ನು ನೀರು. ಎದ್ದ ದೂಳಿಗೆ ನೀರು ಹೊಡೆದರೆ ಅಡಗುತ್ತದೆಂದು ಎಲ್ಲರ ನಂಬಿಕೆ. ದೊಡ್ಡ ಕಣಗಳ ಮಟ್ಟಿಗೆ ಅದು ನಿಜವೂ ಹೌದು. ಒಂದೆರಡು ಮೈಕ್ರಾನಿನ ಕಣ ಮಾತ್ರ ನೀರಹನಿಗೆ ಸಿಗುವುದಿಲ್ಲ. ಬೀಳುವ ಹನಿ ತನ್ನ ಮುಂದಿನ ಗಾಳಿಯನ್ನು ಪಕ್ಕಕ್ಕೆ ಸರಿಸುತ್ತದೆ. ತೂಕವೇ ಇಲ್ಲದಂಥ ಕಣ ಆ ಗಾಳಿಯ ಜೊತೆಗೇ ಸರಿದು ಹನಿಯ ಮಗ್ಗುಲಿಂದ ಜಾರಿಕೊಳ್ಳುತ್ತದೆ. ಸಾಲದ್ದಕ್ಕೆ ಕಲ್ಲಿದ್ದಲಿನ ಮೈ ನೀರನ್ನು ಸುಲಭಕ್ಕೆ ಹಚ್ಚಿಕೊಳ್ಳುವುದೂ ಇಲ್ಲ. ಆದ್ದರಿಂದ ಬಲ್ಲವರು ಹೇಳುವುದು ದೂಳು ಏಳುವ ಮೊದಲೇ ನೀರು ಕೊಡಿ ಎಂದು: ಯಂತ್ರದ ಹಲ್ಲಿನ ಬುಡದಲ್ಲೇ ತೂತಿಟ್ಟು ಕಡಿತದ ಜಾಗಕ್ಕೆ ನೀರು ಚಿಮ್ಮಿಸಬೇಕು. ಅಂಗಳ ಗುಡಿಸುವ ಮುಂಚೆ ನೀರು ಚಿಮುಕಿಸುವ ಹೆಂಗಸರಿಗೆ ಇದನ್ನು ಯಾವ ಎಂಜಿನಿಯರೂ ಹೇಳಿಕೊಡಬೇಕಾಗಿಲ್ಲ. ಗುಡಿಸಿದ ಮೇಲೆ ಚಿಮುಕಿಸಿದರೆ ಏನು ಬಂತು?

ಕೂತ ದೂಳು

ಗಾಳಿಯಲ್ಲಿ ತೇಲುವ ದೂಳನ್ನು ಗಣಿಗಳು ಅಳೆಯುವುದು ಮಿಲಿಗ್ರಾಂಗಳಲ್ಲಿ. ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಹೋಗಬಲ್ಲ ದೂಳು ಘನಮೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದೆಂದು ಅಮೆರಿಕದ ಈಗಿನ ನಿಯಮ. ದೂಳು ಸಿಡಿಯಬೇಕಾದರೆ ಘನಮೀಟರಿಗೆ ಕಡಿಮೆಯೆಂದರೂ 50 ಗ್ರಾಂ ಬೇಕು. ಅಂದರೆ ಅದರ ಮೂವತ್ತು ಸಾವಿರ ಪಟ್ಟು. ಅಷ್ಟು ದೂಳಿರುವ ಗಾಳಿಯಲ್ಲಿ ಎರಡು ಮಾರು ದೂರದ ದೀಪವೂ ಕಾಣುವುದಿಲ್ಲ, ಮನುಷ್ಯ ಕೆಲಸ ಮಾಡುವುದಿರಲಿ, ನಿಲ್ಲುವುದೂ ಅಸಾಧ್ಯ. ಹಾಗಾದರೆ ಗಣಿಗಳು ಸಿಡಿದದ್ದು ಹೇಗೆ?

ಉತ್ತರ ಕೂತ ದೂಳಿನಲ್ಲಿದೆ. ನಾಲ್ಕು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಸುರಂಗದಲ್ಲಿ ಒಂದು ಮೀಟರ್ ಉದ್ದದ ತುಂಡನ್ನು ತೆಗೆದುಕೊಳ್ಳಿ. ಅದರೊಳಗೆ 10 ಘನಮೀಟರ್ ಗಾಳಿ. ಸಿಡಿಯಲು ಬೇಕಾದ ದೂಳು ಅರ್ಧ ಕಿಲೋ. ಈ ಅರ್ಧ ಕಿಲೋವನ್ನು ನೆಲ, ಸೂರು, ಎರಡು ಗೋಡೆ ಸೇರಿದ 13 ಚದರ ಮೀಟರಿನ ಮೇಲೆ ಸಮನಾಗಿ ಹರಡಿದರೆ ಪದರದ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಪೈಪಿನ ಮೇಲೆ ಬೆರಳಾಡಿಸಿದರೆ ಬೆರಳು ಕಪ್ಪಾಯಿತು ಎನ್ನುವಷ್ಟು, ಅಷ್ಟೆ.

ಇಷ್ಟು ನುಣ್ಣನೆಯ ದೂಳು ಒಮ್ಮೆ ಕೂತರೆ ಮಾಮೂಲಿ ಗಾಳಿಗೆ ಏಳುವುದಿಲ್ಲ. ಗೋಡೆಗೆ ತಾಗಿದಂತೆ ಗಾಳಿಯದೊಂದು ತೆಳು ಪದರ ಬಹುತೇಕ ನಿಂತೇ ಇರುತ್ತದೆ, ಕಣಗಳು ಅದರ ಮರೆಯಲ್ಲಿ ಅಂಟಿಕೊಂಡಿರುತ್ತವೆ. ಎಲ್ಲೋ ಒಂದು ಕಡೆ ಗಣಿಯ ಅನಿಲವಾದ ಮೀಥೇನೋ ಮತ್ತೇನೋ ಹೊತ್ತಿಕೊಂಡಾಗ ಬೆಂಕಿಗಿಂತ ಮುಂದಾಗಿ ಒತ್ತಡದ ಅಲೆ ಓಡುತ್ತದೆ. ಅದರ ಹಿಂದೆ ಬಿರುಗಾಳಿಯನ್ನೂ ಮೀರಿದ ಗಾಳಿ. ಅದು ಪೈಪು, ಕಂಬಿ, ಸೂರುಗಳನ್ನೆಲ್ಲ ಒಮ್ಮೆಗೇ ಜಾಡಿಸುತ್ತದೆ, ಸುರಂಗ ತುಂಬ ದೂಳು ತುಂಬುತ್ತದೆ, ಆಗ ಹಿಂದಿನಿಂದ ಬೆಂಕಿ ಬಂದು ಮುಟ್ಟುತ್ತದೆ. ಆ ಉರಿಯಿಂದ ಇನ್ನಷ್ಟು ಒತ್ತಡ, ಇನ್ನಷ್ಟು ದೂಳು. ಒಂದು ಮೂಲೆಯ ಸಣ್ಣ ಅನಾಹುತ ಹೀಗೆ ಇಡೀ ಗಣಿಯನ್ನು ಸುತ್ತಿಬರುತ್ತದೆ.

ಉತ್ತರ ಫ್ರಾನ್ಸಿನ ಕೂರಿಯೇರ್‌ನಲ್ಲಿ 1906ರ ಮಾರ್ಚ್ 10ರ ಬೆಳಗ್ಗೆ ಆದದ್ದು ಇದು. ಸತ್ತವರು 1,099. ಅನಿಲವಿಲ್ಲದೆ ಬರೀ ದೂಳಿನಿಂದ ದೊಡ್ಡ ಅಪಾಯವಿಲ್ಲವೆಂದು ಫ್ರಾನ್ಸಿನ ಹೆಸರಾಂತ ಎಂಜಿನಿಯರುಗಳು 1880ರ ದಶಕದಲ್ಲಿ ಹೇಳಿದ್ದರು, ಕೂರಿಯೇರ್ ಗಣಿಗೆ ಅನಿಲ ಇಲ್ಲದ ಗಣಿಯೆಂಬ ಹೆಸರೂ ಇತ್ತು. ಅವಘಡವಾಗಿ ಇಪ್ಪತ್ತು ದಿನ ಕಳೆದ ಮೇಲೆ 13 ಮಂದಿ ಕತ್ತಲಲ್ಲಿ ದಾರಿ ಹುಡುಕಿಕೊಂಡು ಜೀವಂತ ಹೊರಬಂದರು. ಆ ಹೊತ್ತಿಗೆ ಹುಡುಕಾಟ ನಿಂತೇ ಹೋಗಿತ್ತು. ಜಪಾನಿನ ಹಿಡಿತದಲ್ಲಿದ್ದ ಮಂಚೂರಿಯದ ಬೆನ್‌ಶಿಹು ಗಣಿಯಲ್ಲಿ 1942ರ ಏಪ್ರಿಲ್ 26ರಂದು ಸತ್ತವರು 1,549. ನಮ್ಮಲ್ಲಿ, ಆಗಿನ ಬಿಹಾರ, ಈಗಿನ ಜಾರ್ಖಂಡಿನ ಬೊಕಾರೊ ಕಲ್ಲಿದ್ದಲು ಸೀಮೆಯ ಢೋರಿ ಗಣಿಯಲ್ಲಿ 1965ರ ಮೇ 28ರಂದು ದೂಳು ಸಿಡಿದು 268 ಜನ ಸತ್ತರು. ಚಾಸ್‌ನಾಲಾ ಗಣಿಯ ದುರಂತ ಸಿನಿಮಾದಿಂದಾಗಿಯಾದರೂ ನೆನಪಿನಲ್ಲುಳಿಯಿತು. ಢೋರಿಯ ಹೆಸರು ಗಣಿ ಇಲಾಖೆಯ ಆಚೆ ಎಷ್ಟು ಜನಕ್ಕೆ ಗೊತ್ತು?

ಇಂಥ ಸ್ಫೋಟಕ್ಕೆ ಮದ್ದು ಮಾತ್ರ ಕೂರಿಯೇರ್‌ಗಿಂತ ಇಪ್ಪತ್ತು ವರ್ಷ ಮೊದಲೇ ಕಣ್ಣಿಗೆ ಬಿದ್ದಿತ್ತು. ಯಾರ್ಕ್‌ಶೈರಿನ ಆಲ್ಟಾಫ್ಟ್ಸ್ ಗಣಿಯಲ್ಲಿ 1886ರ ಅಕ್ಟೋಬರ್ 2ರ ಸ್ಫೋಟ 22 ಜನರನ್ನು ಕೊಂದಿತು. ಅಲ್ಲಿನ ಮ್ಯಾನೇಜರ್ ವಿಲಿಯಂ ಗಾರ್ಫರ್ತ್ ಜಾಡು ನೋಡುತ್ತ ಹೋದರೆ, ಕಲ್ಲಿದ್ದಲ ದೂಳು ತುಂಬಿದ್ದ ದಾರಿಗಳಲ್ಲೆಲ್ಲ ಬೆಂಕಿ ಓಡಿತ್ತು. ಕಲ್ಲಿನ ಪುಡಿ ಬೆರೆತಿದ್ದ ಕಡೆ ಆರಿಹೋಗಿತ್ತು. ಹಾಗಿದ್ದರೆ ಕಲ್ಲಿನ ಪುಡಿಯನ್ನು ನಾವೇ ಎರಚಿದರೆ? ದೂಳಿಗೆ ದೂಳೇ ಮದ್ದು ಎಂಬ ಈ ಮಾತನ್ನು ಮೊದಲು ನಂಬಿದವರು ಕಡಿಮೆ. 1908ರಲ್ಲಿ ಆಲ್ಟಾಫ್ಟ್ಸ್‌ನಲ್ಲೇ ಉಕ್ಕಿನ ಉದ್ದ ಕೊಳವೆ ಕಟ್ಟಿ, ಒಳಗೆ ದೂಳು ಸಿಡಿಸಿ ತೋರಿಸಬೇಕಾಯಿತು. ಬ್ರಿಟನ್ನಿನಲ್ಲಿ ಅದು ಕಾನೂನಾದದ್ದು 1920ರಲ್ಲಿ.

ಇಂದು ಬಹುಪಾಲು ಗಣಿಗಳಲ್ಲಿ ಎರಚುವುದು ಸುಣ್ಣಕಲ್ಲಿನ ಹಿಟ್ಟು. ಒತ್ತಡದ ಅಲೆ ಬಂದಾಗ ಕಪ್ಪು ದೂಳಿನ ಜೊತೆಗೆ ಬಿಳಿ ಹಿಟ್ಟೂ ಏಳುತ್ತದೆ. ಬೆಂಕಿಯ ಕಾವನ್ನು ಅದು ಹೀರಿಕೊಳ್ಳುವುದರಿಂದ ಉರಿ ಮುಂದಿನ ಕಣಕ್ಕೆ ದಾಟುವುದಿಲ್ಲ. ಅಮೆರಿಕದಲ್ಲಿ ಸುರಂಗದ ದೂಳಿನ ಶೇ 80ರಷ್ಟಾದರೂ ಉರಿಯದ ಪದಾರ್ಥವಿರಬೇಕು. ಅಂದರೆ ಒಂದು ಪಾಲು ಕಪ್ಪಿಗೆ ನಾಲ್ಕು ಪಾಲು ಬಿಳಿ. ಇದರ ಮೇಲೆ ಸೂರಿನ ಕೆಳಗೆ ಅಡ್ಡಡ್ಡ ಹಲಗೆಗಳನ್ನಿಟ್ಟು ಹಿಟ್ಟು ಪೇರಿಸುವ ಪದ್ಧತಿಯೂ ಉಂಟು. ಅಲೆಯ ಹೊಡೆತಕ್ಕೆ ಹಲಗೆ ಮಗುಚಿ, ಬೆಂಕಿ ಬರುವಷ್ಟರಲ್ಲಿ ದಾರಿಯಲ್ಲಿ ಹಿಟ್ಟಿನ ಪರದೆ ನಿಂತಿರಬೇಕು.

ಒಮ್ಮೆ ಎರಚಿದರೆ ಮುಗಿಯಿತೆಂದಲ್ಲ, ಗಣಿಗಳು ಎಡವುವುದೂ ಇಲ್ಲೇ. ನುಣ್ಣನೆಯ ದೂಳು ಹಗಲೂ ರಾತ್ರಿ ಇಳಿಯುತ್ತಲೇ ಇರುವುದರಿಂದ ಬಿಳಿಯ ಮೇಲೆ ಕಪ್ಪಿನ ಹೊಸ ಪದರ ಬೆಳೆಯುತ್ತದೆ. ಮೇಲಿನ ಪದರವೇ ಮೊದಲು ಏಳುವುದು. ಅಡಿಯಲ್ಲಿ ಎಷ್ಟೇ ಹಿಟ್ಟಿರಲಿ, ಮೇಲೆ ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ಕಲ್ಲಿದ್ದಲ ದೂಳು ಕೂತಿದ್ದರೆ ಸ್ಫೋಟ ಸಾಗುತ್ತದೆಂದು ಅಮೆರಿಕದ ಪ್ರಯೋಗ ಗಣಿಯ ಪರೀಕ್ಷೆಗಳು ತೋರಿಸಿವೆ. ಹಿಟ್ಟು ತೇವಕ್ಕೆ ಗಟ್ಟಿಯಾದರೂ ಕೆಲಸಕ್ಕೆ ಬಾರದು. ಅದು ಏಳಬೇಕು, ಎದ್ದರೇ ಉಪಯೋಗ. ಚಳಿಗಾಲದ್ದು ಇನ್ನೊಂದು ತೊಂದರೆ. ಹೊರಗಿನ ತಣ್ಣನೆಯ ಗಾಳಿಯಲ್ಲಿ ತೇವ ಕಡಿಮೆ. ಅದು ಗಣಿಯೊಳಗೆ ಬೆಚ್ಚಗಾಗುತ್ತ ದೂಳಿನಲ್ಲಿದ್ದ ನೀರನ್ನೂ ಹೀರಿಕೊಂಡು ಹೋಗುತ್ತದೆ. ಮೊನೊಂಗಾ ಗಣಿಯಲ್ಲಿ 362 ಜನ ಸತ್ತದ್ದೂ ಸೇರಿ, ಅಮೆರಿಕದ ಗಣಿ ಚರಿತ್ರೆಯ ಅತಿ ಕೆಟ್ಟ ತಿಂಗಳು 1907ರ ಡಿಸೆಂಬರ್.

ಎದೆಯೊಳಗಿನ ನಿಶ್ಚಲತೆ

ಎಲ್ಲೂ ಕೂರದೆ ಕಿಲೋಮೀಟರುಗಟ್ಟಲೆ ತೇಲುವ ಆ ಒಂದೆರಡು ಮೈಕ್ರಾನಿನ ಕಣಕ್ಕೆ ಮರಳೋಣ. ಉಸಿರಿನ ಜೊತೆ ಅದು ಮೂಗು ಹೊಕ್ಕಿತೆನ್ನಿ. ಹತ್ತು ಮೈಕ್ರಾನಿಗಿಂತ ದೊಡ್ಡವು ಮೂಗು, ಗಂಟಲಿನ ತಿರುವುಗಳಲ್ಲೇ ಡಿಕ್ಕಿ ಹೊಡೆದು ನಿಲ್ಲುತ್ತವೆ. ಇನ್ನಷ್ಟನ್ನು ಶ್ವಾಸನಾಳದ ಲೋಳೆ ಹಿಡಿದು ಕಫವಾಗಿ ಮೇಲೆ ತಳ್ಳುತ್ತದೆ. ಗಾಳಿ ಒಳಹೋದಂತೆಲ್ಲ ನಾಳಗಳು ಕವಲೊಡೆದು ಕವಲೊಡೆದು ಅದರ ವೇಗ ತಗ್ಗುತ್ತದೆ. ಕಟ್ಟಕಡೆಯ ಗಾಳಿಗೂಡುಗಳಲ್ಲಿ ಗಾಳಿ ನಿಂತಂತೆಯೇ. ಒಂದೊಂದು ಗೂಡಿನ ಅಗಲ ಮಿಲಿಮೀಟರಿನ ಐದನೇ ಒಂದು ಭಾಗ.

ಸುರಂಗದಲ್ಲಿ ಎರಡು ಮೀಟರ್ ಇಳಿಯಲು ಹನ್ನೆರಡು ಗಂಟೆ ಬೇಕಿದ್ದ ಕಣ ಈ ಗೂಡಿನೊಳಗೆ ಮಿಲಿಮೀಟರಿನ ಐದನೇ ಒಂದು ಭಾಗ ಇಳಿದರೆ ಸಾಕು. ಅದಕ್ಕೆ ನಾಲ್ಕೈದು ಸೆಕೆಂಡು. ಎರಡು ಮೈಕ್ರಾನಿನದಾದರೆ ಒಂದು ಸೆಕೆಂಡು ಚಿಲ್ಲರೆ. ನಾವು ಒಮ್ಮೆ ಉಸಿರೆಳೆದು ಬಿಡುವುದಕ್ಕೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಅದೇ ಸ್ಟೋಕ್ಸ್ ಸೂತ್ರ, ಅದೇ ಗುರುತ್ವ. ಗಣಿಯೆಲ್ಲ ಸುತ್ತಿದರೂ ಸಿಗದ ನಿಶ್ಚಲ ಗಾಳಿ ಸಿಕ್ಕಿದ್ದು ಮನುಷ್ಯನ ಎದೆಯಲ್ಲಿ. ಇನ್ನೂ ಸಣ್ಣವು, ಅರ್ಧ ಮೈಕ್ರಾನಿನ ಆಸುಪಾಸಿನವು, ಬಹುಪಾಲು ಬಂದ ಹಾಗೇ ಹೊರಗೆ ಹೋಗುತ್ತವೆ.

ಈ ತತ್ವವನ್ನೇ ಹಿಡಿದು ಬ್ರಿಟನ್ನಿನವರು ದೂಳಳೆಯುವ ಉಪಕರಣ ಮಾಡಿದರು. ಎಂಆರ್‌ಇ ಎಂಬ ಹೆಸರಿನಲ್ಲಿ ಅದು ನಮ್ಮ ಗಣಿಗಳಿಗೂ ಬಂತು. ನಿಮಿಷಕ್ಕೆ ಎರಡೂವರೆ ಲೀಟರ್ ಗಾಳಿಯನ್ನು ಒಂದರ ಮೇಲೊಂದು ಮಟ್ಟಸವಾಗಿ ಜೋಡಿಸಿದ ತಗಡುಗಳ ನಡುವೆ ಅದು ಎಳೆಯುತ್ತದೆ. ಹೋಗುವಾಗಲೇ ಭಾರದ ಕಣಗಳು ತಗಡಿನ ಮೇಲೆ ಬಿದ್ದುಬಿಡುತ್ತವೆ. ದಾಟಿ ಬಂದದ್ದನ್ನು ಮಾತ್ರ ಫಿಲ್ಟರ್ ಹಿಡಿಯುತ್ತದೆ. ಎದೆಯ ಆಳಕ್ಕೆ ಇಳಿಯುವುದೂ ಅದೇ. ಐದು ಮೈಕ್ರಾನಿನ ಕಣಗಳಲ್ಲಿ ಅರ್ಧದಷ್ಟು ದಾಟಬೇಕು, ಏಳು ಮೀರಿದವು ಒಂದೂ ದಾಟಬಾರದು ಎಂಬ ಅಳತೆಯನ್ನು 1959ರ ಜೋಹಾನ್ಸ್‌ಬರ್ಗ್ ಸಮ್ಮೇಳನ ಒಪ್ಪಿತು.

ಅಲ್ಲಿಯವರೆಗಿನ ಹಾದಿ ಬೇಸರ ತರಿಸುವಂಥದ್ದು. ಗಣಿ ಅನಿಲಗಳ ಬಗ್ಗೆ ಅಷ್ಟೆಲ್ಲ ಕೆಲಸ ಮಾಡಿದ ಜೆ. ಎಸ್. ಹಾಲ್ಡೇನ್‌ರಂಥವರೇ ಶುದ್ಧ ಕಲ್ಲಿದ್ದಲ ದೂಳು ಎದೆಗೆ ಕೆಡುಕಲ್ಲ ಎಂದು ಕಡೆಯವರೆಗೂ ನಂಬಿದ್ದರು. ಕೆಡುಕೇನಿದ್ದರೂ ಬಂಡೆಯ ಸಿಲಿಕಾದಿಂದ ಎಂಬುದು ಆಗಿನ ಶಾಸ್ತ್ರ. ಹಾಗಾಗಿ ಬಂಡೆ ಕೊರೆದವನಿಗೆ ಪರಿಹಾರ, ಕಲ್ಲಿದ್ದಲು ಕಡಿದವನಿಗೆ ಬರಿಗೈ. ಈ ವಾದವನ್ನು ಅಲುಗಾಡಿಸಿದ್ದು ಗಣಿಗೇ ಇಳಿಯದ ಕೂಲಿಗಳು. ವೇಲ್ಸ್‌ನ ಬಂದರುಗಳಲ್ಲಿ ಹಡಗಿನ ಒಡಲಿಗಿಳಿದು ಕಲ್ಲಿದ್ದಲನ್ನು ಸಮಮಾಡುತ್ತಿದ್ದವರ ಶ್ವಾಸಕೋಶಗಳನ್ನು ರೋಗಶಾಸ್ತ್ರಜ್ಞ ಜೆತ್ರೊ ಗಾಫ್ 1940ರಲ್ಲಿ ಪರೀಕ್ಷಿಸಿ ವರದಿ ಮಾಡಿದರು. ಬಂಡೆಯ ದೂಳಿನ ಸೋಂಕಿಲ್ಲದ ಅವರಲ್ಲೂ ಗಣಿಗಾರರ ಅದೇ ದೂಳಿನ ಕಾಯಿಲೆ ಇತ್ತು. 1943ರಲ್ಲಿ ಬ್ರಿಟನ್ ಕಲ್ಲಿದ್ದಲು ಕಾರ್ಮಿಕರ ಕಾಯಿಲೆಗೂ ಪರಿಹಾರ ಕೊಡಲೊಪ್ಪಿತು. ಅಮೆರಿಕ ದೂಳಿಗೆ ಮಿತಿ ಹಾಕಿದ್ದು 1969ರಲ್ಲಿ. ಅದೂ ಫಾರ್ಮಿಂಗ್‌ಟನ್ ಗಣಿ ಸಿಡಿದು 78 ಜನ ಸತ್ತ ಮೇಲೆ.

ತೇಲುವ ದೂಳಿಗೆ ಒಂದು ವಿಭಾಗ, ಕೂತ ದೂಳಿಗೆ ಇನ್ನೊಂದು. ಒಂದಕ್ಕೆ ಡಾಕ್ಟರು, ಇನ್ನೊಂದಕ್ಕೆ ಸುರಕ್ಷತಾಧಿಕಾರಿ. ಗಣಿ ಆಡಳಿತಗಳು ಬಹಳ ಕಾಲ ನಡೆದುಬಂದದ್ದು ಹೀಗೆ. ಇದು ಸರಿಯಲ್ಲವೆಂಬುದಕ್ಕೆ ವೆಸ್ಟ್ ವರ್ಜೀನಿಯದ ಅಪ್ಪರ್ ಬಿಗ್ ಬ್ರಾಂಚ್ ಗಣಿ ಸಾಕ್ಷಿ. 2010ರ ಏಪ್ರಿಲ್ 5ರಂದು ಅಲ್ಲಿ ಶಿಯರರ್ ಬಳಿ ಹೊತ್ತಿದ ಮೀಥೇನ್ ಕೂತ ದೂಳಿಗೆ ದಾಟಿ 29 ಜನ ಸತ್ತರು. ಸುಣ್ಣಕಲ್ಲಿನ ಹಿಟ್ಟು ಸರಿಯಾಗಿ ಎರಚಿರಲಿಲ್ಲವೆಂದು ತನಿಖೆ ಹೇಳಿತು. ಶವಪರೀಕ್ಷೆಯಲ್ಲಿ 24 ಮಂದಿಯ ಶ್ವಾಸಕೋಶಗಳು ಪರಿಶೀಲಿಸುವ ಸ್ಥಿತಿಯಲ್ಲಿದ್ದವು. ಅವರಲ್ಲಿ 17 ಮಂದಿಗೆ ದೂಳಿನ ಕಾಯಿಲೆ ಆಗಲೇ ಹಿಡಿದಿತ್ತು.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ ಉರಿಯುವುದರಲ್ಲಿ ಒಂದು ಪಾಲು ಸಿಂಗರೇಣಿಯದು. ದೂಳಿನ ಕಾಯಿಲೆ ಮಾತ್ರ ನಮಗೆ ಹೊಸದಲ್ಲ. ಭಾರತದಲ್ಲಿ ಸಿಲಿಕಾ ದೂಳಿನಿಂದ ಬರುವ ಸಿಲಿಕೋಸಿಸ್ ದೊಡ್ಡದಾಗಿ ದಾಖಲಾದದ್ದೇ 1940ರ ದಶಕದಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ. ಈಗ ಆ ಸಿಲಿಕಾ ಕಲ್ಲಿದ್ದಲು ಗಣಿಗೂ ಮರಳಿ ಬಂದಿದೆ. ಅಮೆರಿಕದ ಅಪಲೇಶಿಯನ್ ಬೆಟ್ಟಗಳಲ್ಲಿ ದಪ್ಪ ಪದರಗಳು ಮುಗಿದು, ತೆಳು ಪದರ ತೆಗೆಯಲು ಯಂತ್ರ ಮೇಲಿನ ಕೆಳಗಿನ ಬಂಡೆಯನ್ನೂ ಕಡಿಯುತ್ತದೆ. ನಡುವಯಸ್ಸು ದಾಟದವರಲ್ಲೇ ಕಾಯಿಲೆ ಉಲ್ಬಣಿಸುತ್ತಿದೆ. ಸಿಲಿಕಾ ಘನಮೀಟರಿಗೆ 50 ಮೈಕ್ರೋಗ್ರಾಂ ಮೀರಬಾರದೆಂಬ ನಿಯಮವನ್ನು 2024ರಲ್ಲಿ ಹೊರಡಿಸಿದರು; ಕಲ್ಲಿದ್ದಲು ಗಣಿಗಳಲ್ಲಿ 2025ರ ಏಪ್ರಿಲ್‌ನಲ್ಲಿ ಜಾರಿಗೆ ಬರಬೇಕಿದ್ದದ್ದು ಕೋರ್ಟಿನಲ್ಲಿ ತಡೆಯಾಯಿತು. ಅಲ್ಲಿನ ಕೆಲಸಗಾರರ ಸೊಂಟದಲ್ಲಿರುವ ಉಪಕರಣ ಎಷ್ಟು ದೂಳು ಕುಡಿದಿದ್ದೀರಿ ಎಂಬುದನ್ನು ಪಾಳಿಯ ನಡುವೆಯೇ ತೋರಿಸುತ್ತದೆ. ಒಳಗೊಂದು ನಡುಗುವ ಸಣ್ಣ ನಳಿಕೆ. ಅದರ ತುದಿಯ ಫಿಲ್ಟರಿಗೆ ದೂಳು ಕೂತು ತೂಕ ಏರಿದಂತೆ ನಡುಕ ನಿಧಾನವಾಗುತ್ತದೆ, ಲೆಕ್ಕ ಸಿಗುತ್ತದೆ. ತೂಕ ತಿಳಿಯುವ ಆ ಯಂತ್ರಕ್ಕೆ ಸಿಲಿಕಾ ಎಷ್ಟು, ಕಲ್ಲಿದ್ದಲು ಎಷ್ಟು ಎಂಬುದು ತಿಳಿಯದು. ಅದಕ್ಕೆ ಬೇರೆ ಫಿಲ್ಟರಿನಲ್ಲಿ ದೂಳು ಹಿಡಿದು ಪ್ರಯೋಗಾಲಯಕ್ಕೆ ಕಳಿಸಬೇಕು. ವರದಿ ಬರುವಷ್ಟರಲ್ಲಿ ಯಂತ್ರ ಆ ಬಂಡೆಯನ್ನು ಕಡಿದು ಎಷ್ಟೋ ಮುಂದೆ ಹೋಗಿರುತ್ತದೆ.